ಗೌಸನ ಮಗ್ಗದ ಮೇಲಿನ ಟವೆಲ್ಲು

ವಿಮಾನ ನಿಲ್ದಾಣದಲ್ಲಿ ರಾಗಿ ಹಿಟ್ಟು

ಇಂಗ್ಲೆಂಡಿನ ನೆಲದ ಮೇಲೆ ನಿಂತು ನಾನು ಆಡಿದ ಮೊದಲ ಮಾತು, "ಹಿಟ್ಟು ಸ್ವಾಮೀ, ತಿನ್ನೋ ಹಿಟ್ಟು." ಅದೂ ಕನ್ನಡದಲ್ಲಿ. ಸುಂಕದ ಅಧಿಕಾರಿ ನನ್ನ ಟ್ರಂಕು ತೆಗೆಸಿ, ಪಂಚೆಯಲ್ಲಿ ಕಟ್ಟಿದ್ದ ಗಂಟು ಬಿಚ್ಚಿ, ರಾಗಿ ಹಿಟ್ಟು ಕಂಡು ಹುಬ್ಬು ಗಂಟಿಕ್ಕಿದ. ಬೆರಳು ಹಾಕಿದ, ಮೂಸಿದ, ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊರಡುವಾಗ ನಮ್ಮ ಮನೆಯಾಕೆ ಹೇಳಿಯೇ ಕಳಿಸಿದ್ದಳು, "ಅಲ್ಲಿ ಯಾರ್ ಮೇಲೂ ಹಾರಾಡ್ಬೇಡಿ, ಅದು ನಿಮ್ ಶೆಡ್ಡಲ್ಲ." ಆ ಮಾತು ನೆನೆದು ಹಲ್ಲು ಕಚ್ಚಿಕೊಂಡೆ. ಒಂದು ಚಿಟಿಕೆ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡು ತಿಂದು ತೋರಿಸಿದೆ. ಅದು ಗಂಟಲಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಇಬ್ಬರೂ ನಕ್ಕುಬಿಟ್ಟರು. ಟ್ರಂಕಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಳಿಸಿಕೊಟ್ಟರು.

ನಾನು ದೊಡ್ಡಬಳ್ಳಾಪುರದ ನೇಕಾರ, ನಂಜುಂಡಪ್ಪ. ಅಜ್ಜನ ಕಾಲದ ಕೈಮಗ್ಗ ಹೋಗಿ ಅಪ್ಪನ ಕಾಲಕ್ಕೇ ಕರೆಂಟಿನ ಮಗ್ಗಗಳ ಸಣ್ಣ ಶೆಡ್ಡು ಬಂತು, ಈಗ ಅದು ನನ್ನದು. ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಮಗ್ಗದ ಯಂತ್ರಗಳ ಪ್ರದರ್ಶನವೊಂದು ನಡೆದಾಗ ನಮ್ಮ ಕಡೆಯಿಂದ ನನ್ನನ್ನು ಆರಿಸಿ ಕಳಿಸಿದ್ದರು. ಆ ಪ್ರದರ್ಶನದ ವಿಷಯ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕಂಡ ಯಂತ್ರಗಳು ನಮ್ಮ ಕೈಗೆ ಎಟುಕುವಂಥವಲ್ಲ. ಆಮೇಲೆ ನನ್ನ ಹಳೆಯ ಗೆಳೆಯ ಗೌಸನ ಮನೆಯಲ್ಲಿ ಕಳೆದ ದಿನಗಳನ್ನು ಮಾತ್ರ ಬರೆಯುತ್ತೇನೆ. ಅವನಿರುವ ಊರಿನ ಹೆಸರನ್ನೂ ಬರೆಯುವುದಿಲ್ಲ, ಅವನ ಕೆಲಸಕ್ಕೆ ನನ್ನಿಂದ ತೊಂದರೆಯಾಗಬಾರದು. ಉತ್ತರದ ಕಡೆಯ ಒಂದು ಗಿರಣಿ ಊರು ಎಂದುಕೊಂಡರೆ ಸಾಕು.

ಭಾನುವಾರ, ಗೌಸನ ಮನೆ

ಗೌಸ್ ನಮ್ಮ ಬೀದಿಯವನೇ. ಎಸ್.ಎಸ್.ಎಲ್.ಸಿ. ಪಾಸು ಮಾಡಿ ನಮ್ಮಪ್ಪನ ಶೆಡ್ಡಿನಲ್ಲಿ ನನ್ನ ಪಕ್ಕದ ಮಗ್ಗದಲ್ಲೇ ವರ್ಷಗಟ್ಟಲೆ ನೇಯ್ದವನು. ಹತ್ತು ವರ್ಷದ ಕೆಳಗೆ ಕೆಲಸದ ಪರವಾನಗಿ ಸಿಕ್ಕಿ ಇಲ್ಲಿಗೆ ಬಂದ. ರೈಲು ನಿಲ್ದಾಣದಲ್ಲಿ ಉದ್ದ ಕೋಟು ತೊಟ್ಟು ನಿಂತಿದ್ದವನನ್ನು ನೋಡಿ ಯಾರೋ ಮೇಷ್ಟರು ಎಂದುಕೊಂಡೆ. ಅವನು ಬಾಯಿ ಬಿಟ್ಟ ಮೇಲೆ ಅನುಮಾನ ಉಳಿಯಲಿಲ್ಲ.

"ಏನ್ಲಾ ನಂಜುಂಡ, ತಲೆ ಎಲ್ಲಾ ಬೋಳಾಗ್ಹೋಯ್ತಲ್ಲೋ! ರಾಗಿ ಹಿಟ್ಟು ತಂದ್ಯಾ ಇಲ್ವಾ?"

"ಅರ್ಧ ಅಲ್ಲೇ ಮೂಸ್ಬಿಟ್ರು ಕಣೋ" ಅಂದೆ.

ಅವನ ಹೆಂಡತಿ ಜೈಬುನ್ನಿಸಾ ನನ್ನನ್ನು ಅಣ್ಣಾ ಎಂದೇ ಕರೆಯುವುದು. ನಾನು ಒಳಗೆ ಕಾಲಿಡುತ್ತಲೇ ಹೊಳೆಯುವ ಹೊಸ ಪಾತ್ರೆಯೊಂದನ್ನು ತಂದು ತೋರಿಸಿದಳು. "ಅಣ್ಣಾ, ಇದು ನಿಮ್ಗೇ ಅಂತ ತಂದಿದ್ದು. ಇದ್ರಲ್ಲಿ ಮಾಂಸ ಬೇಯ್ಸಿಲ್ಲ. ನೀವು ಒಂಚೂರೂ ಸಂಕೋಚ ಪಡ್ಬಾರ್ದು." ನಾನು ಕೇಳಿರಲೇ ಇಲ್ಲ. ಆ ರಾತ್ರಿ ಮುದ್ದೆ ತಿರುವಿದಳು, ಬೇಳೆ ಸಾರು ಮಾಡಿದಳು. ಗೌಸ್ ಮುದ್ದೆ ಮುರಿದು ಬಾಯಿಗಿಟ್ಟು ಸುಮ್ಮನೆ ಕಣ್ಣು ಮುಚ್ಚಿ ಕೂತುಬಿಟ್ಟ.

ಕೋಣೆಯ ಗೋಡೆಯ ಮೊಳೆಗೆ ಒಂದು ಚೌಕಳಿ ಟವೆಲ್ಲು ನೇತಾಡುತ್ತಿತ್ತು. ಹಳೆಯದು, ಅಂಚು ಪಿಸಿದಿತ್ತು. ನಮ್ಮ ಶೆಡ್ಡಿನದೇ ನೇಯ್ಗೆ, ನೋಡಿದ ಕೂಡಲೇ ಗುರುತು ಹತ್ತಿತು. ಅಪ್ಪನ ಕಾಲದಲ್ಲಿ ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಯಾರಾದರೂ ಗಳಿಗೆ ಹೊತ್ತು ಹೊರಗೆ ಹೋಗಬೇಕಾದರೆ ಹೆಗಲ ಮೇಲಿನ ಟವೆಲ್ಲನ್ನು ಮಗ್ಗದ ಚೌಕಟ್ಟಿನ ಮೇಲೆ ಹಾಕಿ ಹೋಗುವುದು. ಅದನ್ನು ಕಂಡರೆ ಪಕ್ಕದವನು ಕೇಳದೆ ಹೇಳದೆ ಆ ಮಗ್ಗವನ್ನೂ ನೋಡಿಕೊಳ್ಳಬೇಕು. ದಾರ ಕಡಿದರೆ ಗಂಟು ಹಾಕಬೇಕು, ಲಾಳಿಯಲ್ಲಿ ನೂಲು ಮುಗಿದರೆ ತುಂಬಬೇಕು. ಶುಕ್ರವಾರ ಮಧ್ಯಾಹ್ನ ಗೌಸ್ ಟವೆಲ್ಲು ಹಾಕಿ ನಮಾಜಿಗೆ ಹೋಗುತ್ತಿದ್ದ, ನಾನು ನೋಡಿಕೊಳ್ಳುತ್ತಿದ್ದೆ. ನಾನು ಷಷ್ಠಿಗೆ ಘಾಟಿ ಸುಬ್ರಹ್ಮಣ್ಯನ ಗುಡಿಗೆ ಹೋದರೆ ಇಡೀ ದಿನ ನನ್ನ ಟವೆಲ್ಲು ಅವನ ಪಾಲಿಗೆ. ತಿರುಗಿ ಬಂದಾಗ ಬಟ್ಟೆ ತಡವಿ, "ಗಂಟು ದಪ್ಪ ಹಾಕಿದೀಯ ಕಣೋ, ಕಡಲೆಕಾಯಿ ಕಟ್ಟಿದಂಗೆ" ಎಂದು ರೇಗಿಸುವುದು ಅವನ ಚಾಳಿ. ಅದೊಂದು ಮಾತಿಗೆ ನನಗೆ ಈಗಲೂ ಉರಿಯುತ್ತದೆ.

ಊಟ ಮುಗಿದ ಮೇಲೆ ಗೌಸ್ ತನ್ನ ಸಂಕಟ ಹೇಳಿದ. ಅವನ ಗಿರಣಿಯಲ್ಲಿ ಹಗಲು ಪಾಳಿಗೆ ಇವನೂ ಸೇರಿ ಆರು ಜನ ಮುಸಲ್ಮಾನರು. ಶುಕ್ರವಾರ ಅರ್ಧ ಗಂಟೆ ನಮಾಜಿಗೆ ಬಿಡಿ, ಸಂಜೆ ಅಷ್ಟು ಹೊತ್ತು ಹೆಚ್ಚಿಗೆ ದುಡಿಯುತ್ತೇವೆ ಎಂದು ಇವನು ಎಲ್ಲರ ಪರವಾಗಿ ಅರ್ಜಿ ಬರೆದಿದ್ದ. ಒಂದಲ್ಲ, ಕಟ್ಟುಗಟ್ಟಲೆ. ಕಾರ್ಮಿಕ ಸಂಘದವರು ನಿಯಮ ಎಲ್ಲರಿಗೂ ಒಂದೇ ಎಂದರು. ಕೊನೆಗೆ ಮ್ಯಾನೇಜರು ಒಂದು ಮಾತು ಹೇಳಿದ್ದ. ಮಗ್ಗ ನಿಲ್ಲದಿದ್ದರೆ ಹೋಗಬಹುದು. ನಿಂತರೆ, ಹೋದವನು ಮತ್ತೆ ಕೆಲಸಕ್ಕೆ ಬರಬೇಕಾಗಿಲ್ಲ.

"ಅಂದ್ರೆ ಪಕ್ಕದೋರು ನೋಡ್ಕೋಬೇಕು. ಬಿಳಿಯರು ಒಬ್ರೂ ಒಪ್ತಿಲ್ಲ" ಅಂದ ಗೌಸ್. "ಈ ಶುಕ್ರವಾರ ನಾನೊಬ್ನೇ ಹೋಗ್ತೀನಿ. ಮಿಕ್ಕೋರಿಗೆ ಬೇಡ ಅಂದಿದೀನಿ. ಕೆಲ್ಸ ಹೋದ್ರೆ ಒಬ್ಬನ್ದು ಹೋಗ್ಲಿ."

ಜೈಬು ತಟ್ಟೆ ತೆಗೆಯುತ್ತಾ, "ಐದು ದಿನ ಐತೆ, ನೋಡಾಣ" ಅಂದಳಷ್ಟೆ.

ಆಮೇಲೆ ಗೌಸ್ ಸಹಜವಾಗಿ ಕೇಳಿದ, "ಈಗ ನಮ್ ಶೆಡ್ಡಲ್ಲಿ ಶುಕ್ರವಾರ ಯಾರೋ ನೋಡ್ಕೊಳ್ಳೋದು? ಖಾದರ್ ಮಗ್ಗಾನ?"

ಖಾದರ್ ಈಗ ನನ್ನ ಶೆಡ್ಡಿನಲ್ಲಿ ಗೌಸನ ಜಾಗದಲ್ಲಿ ನೇಯುವವನು. "ಹೆಂಗೋ ನಡೀತದೆ" ಎಂದು ಗೊಣಗಿ ಕೈತೊಳೆಯಲು ಎದ್ದೆ. ನಿಜ ಏನೆಂದರೆ, ಅಪ್ಪ ತೀರಿಕೊಂಡ ಮೇಲೆ ಆ ಟವೆಲ್ಲಿನ ರೂಢಿಯನ್ನು ನಾನೇ ನಿಲ್ಲಿಸಿದ್ದೆ. ಕರೆಂಟು ಬರುವುದೇ ಅಷ್ಟಿಷ್ಟು, ಇರುವಷ್ಟು ಹೊತ್ತು ನೇಯಲಿ ಎಂದು "ಪಾಳಿ ಮುಗಿಯುವವರೆಗೆ ಯಾರೂ ಮಗ್ಗ ಬಿಟ್ಟು ಕದಲಬಾರದು" ಅಂತ ಹಲಗೆಯ ಮೇಲೆ ಬರೆಸಿ ಬಾಗಿಲ ಪಕ್ಕ ಹೊಡೆಸಿದ್ದೆ. ಖಾದರ್ ಎರಡು ಸಲ ಬಂದು ಕೇಳಿದಾಗ ಎಲ್ಲರೆದುರಿಗೆ ಕೂಗಾಡಿ ಕಳಿಸಿದ್ದೆ. ನಾನು ಮಾತ್ರ ಶನಿವಾರ ಶನಿವಾರ ಆಂಜನೇಯನ ಗುಡಿಗೆ ತಪ್ಪದೆ ಹೋಗುತ್ತಿದ್ದೆ, ಮಾಲೀಕನಲ್ಲವೇ!

ಮಂಗಳವಾರ, ಬಾಗಿಲಿಂದ ಬಾಗಿಲಿಗೆ

ಆ ದೇಶದಲ್ಲಿ ಬೇಸಿಗೆಯ ಹೊತ್ತು ಮುಳುಗುವುದೇ ಇಲ್ಲ. ಊಟ ಮಾಡಿ ಮಲಗುವ ಸಮಯಕ್ಕೂ ಬಿಸಿಲು. ನಾವಾದರೆ ಆ ಬಿಸಿಲಿನಲ್ಲಿ ಜಗುಲಿಯ ಮೇಲೆ ಕೂತು ಊರ ಸುದ್ದಿಯನ್ನೆಲ್ಲಾ ಹರಟುತ್ತಿದ್ದೆವು. ಅಲ್ಲಿ ಜಗುಲಿಯೇ ಇಲ್ಲ. ಒಂದೇ ಅಚ್ಚಿನ ಇಟ್ಟಿಗೆ ಮನೆಗಳು ಸಾಲಾಗಿ ನಿಂತಿವೆ, ಎಲ್ಲ ಬಾಗಿಲೂ ಮುಚ್ಚಿವೆ. ಪಾಳಿ ಮುಗಿಸಿ ಬಂದ ಗೌಸ್ ಮುಖ ತೊಳೆದು, ಟೈ ಕಟ್ಟಿ, ಗಿರಣಿಯ ಜೊತೆಗಾರರ ಬಾಗಿಲುಗಳನ್ನು ಒಂದೊಂದಾಗಿ ತಟ್ಟಲು ಹೊರಟ. ನಾನೂ ಜೊತೆಗೆ ಹೋದೆ.

ಅವನ ಮಾತು ಕೇಳಬೇಕಿತ್ತು ನೀವು! ಬೇಡುವ ದನಿಯಲ್ಲ, ಜಗಳದ ದನಿಯೂ ಅಲ್ಲ. ಪ್ರತಿ ಬಾಗಿಲಲ್ಲೂ ಟೋಪಿ ತೆಗೆದು, ತನ್ನ ಹೆಸರು ಹೇಳಿ, ನಾವು ಕೇಳುತ್ತಿರುವುದು ಇಷ್ಟು, ಬದಲಿಗೆ ನಿಮ್ಮ ಕ್ರಿಸ್ಮಸ್ಸಿಗೆ ನಿಮ್ಮ ಮಗ್ಗ ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದ. ಒಬ್ಬ ಮಾತು ಮುಗಿಯುವ ಮುನ್ನ ಬಾಗಿಲು ಬಡಿದ. ಇನ್ನೊಬ್ಬ ಕಿಟಕಿಯ ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡ. ಗೌಸ್ ಇಬ್ಬರಿಗೂ ಥ್ಯಾಂಕ್ಸ್ ಹೇಳಿದ. ನನಗೋ ಕೈ ತುರಿಸುತ್ತಿತ್ತು.

"ಬಾಗಿಲಿಗೆ ಯಾಕೋ ಥ್ಯಾಂಕ್ಸ್ ಹೇಳ್ತೀಯ, ಮಂಕೇ?"

"ನಾಳೆ ಅದೇ ಬಾಗ್ಲಿಗೆ ಬರ್ಬೇಕಲ್ಲೋ" ಅಂದ.

ಕೊನೆಯದು ಮಾರ್ಗರೇಟ್ ಎಂಬಾಕೆಯ ಮನೆ. ಅರವತ್ತರ ಹತ್ತಿರದ ಹೆಂಗಸು, ಗಿರಣಿಯಲ್ಲಿ ಗೌಸನ ಪಕ್ಕದ ಮಗ್ಗಗಳು ಅವಳವು. ಬಾಗಿಲಿನ ಸರಪಳಿ ತೆಗೆಯದೆ, ಸಂದಿಯಿಂದಲೇ, ನನ್ನ ಮಗ್ಗ ನನಗೆ, ನಿನ್ನ ಮಗ್ಗ ನಿನಗೆ ಅಂದಳು. ಆಕೆ ಚಹಾಕ್ಕೆ ಎದ್ದು ಹೋದಾಗಲೆಲ್ಲ ನಿಂತ ಮಗ್ಗವನ್ನು ಮತ್ತೆ ನಡೆಸುತ್ತಿದ್ದವನು ಇದೇ ಗೌಸ್. ಅದನ್ನು ಎತ್ತಿ ಆಡು ಎಂದು ನಾನು ತಿವಿದೆ. ಅವನು ಆಡಲಿಲ್ಲ.

ತಿರುಗಿ ಬರುವಾಗ ಹೆಂಡದಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. "ಪಾಕಿ" ಎಂದು ಕೂಗಿದರು. ಪಾಕಿಸ್ತಾನದವರನ್ನು ಹೀಯಾಳಿಸುವ ಮಾತು ಅದು. ಅವರ ಕಣ್ಣಿಗೆ ನಮ್ಮ ಬಣ್ಣದವರೆಲ್ಲ ಅದೇ. ಒಬ್ಬ ಅಡ್ಡ ಬಂದು ನನ್ನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದ. ನಾನು ಏನು ಮಾಡಿದೆ ಗೊತ್ತೇ? ಶೆಡ್ಡಿನಲ್ಲಿ ಹುಲಿಯ ಹಾಗೆ ಹಾರಾಡುವ ನಂಜುಂಡಪ್ಪ, ಎರಡೂ ಕೈ ಮೇಲೆತ್ತಿ, "ನೋ ಮುಸ್ಲಿಂ, ನೋ ಮುಸ್ಲಿಂ, ಐ ಹಿಂದೂ" ಅಂದೆ. ಒಂದು ಸಲವಲ್ಲ, ಎರಡು ಮೂರು ಸಲ. ಬೆರಳು ಗೌಸನ ಕಡೆಗೆ ತೋರಿಸಿತ್ತೋ ಏನೋ, ನನಗೆ ನೆನಪಿಲ್ಲ. ತೋರಿಸಿರಲಾರದು ಎಂದುಕೊಳ್ಳುತ್ತೇನೆ.

ಅವರು ಬಿದ್ದು ಬಿದ್ದು ನಕ್ಕರು. ಗೌಸ್ ನನ್ನ ತೋಳು ಹಿಡಿದು ದಾಟಿಸಿಕೊಂಡು ಬಂದ. ಜೈಬು ಅದೇ ಹೊಸ ಪಾತ್ರೆಯಿಂದ ಬಡಿಸಿದಳು. ಅಂಥ ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಗುರುವಾರ, ಗಿರಣಿಯ ಹಿಂದಿನ ಕಾಲುವೆ

ಎರಡು ದಿನ ಗೌಸ್ ಆ ವಿಷಯ ಎತ್ತಲಿಲ್ಲ. ಗುರುವಾರ ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುವಾಗ ನಾನೇ ಶುರು ಮಾಡಿದೆ.

"ಮೊನ್ನೆ ನಾನು ಹಂಗಂದಿದ್ದು..."

"ಬಿಡೋ. ನಾನೂ ಅಂದವ್ನೇ" ಅಂದ. "ಬಂದ ಹೊಸದ್ರಲ್ಲಿ ಬಸ್ಸಲ್ಲಿ ಯಾವನೋ ಪಾಕಿ ಅಂದ. ನಾನು ಪಾಕಿಸ್ತಾನದವನಲ್ಲಪ್ಪ, ಇಂಡಿಯಾದವ್ನು ಅಂದೆ. ಪಕ್ದಲ್ಲಿ ಒಬ್ರು ಪಾಕಿಸ್ತಾನದ ಮುದುಕರು ಕೂತಿದ್ರು. ನನ್ನ ಒಂದ್ಸಲ ನೋಡಿ, ತಲೆ ಆ ಕಡೆ ತಿರುಗಿಸ್ಕೊಂಡ್ರು. ಆ ಮುಖ ಇವತ್ತಿಗೂ ಮರ್ತಿಲ್ಲ. ಅವತ್ತಿಂದ ಯಾರೇ ಅಂದ್ರೂ ನಾನು ಅಲ್ಲ ಅನ್ನಲ್ಲ."

ಪಾಕಿಸ್ತಾನದವರಿಗೂ ಅವನು ಪೂರ್ತಿ ತಮ್ಮವನಲ್ಲ. ಅವನಾಡುವ ನಮ್ಮ ಕಡೆಯ ಉರ್ದುವಿನಲ್ಲಿ ಬೇಡ, ಹೌದು ಎನ್ನುವ "ನಕ್ಕೋ, ಹೌ" ಕೇಳಿ ಅವರಿಗೆ ನಗು. ಬಿಳಿಯರಿಗೆ ಪಾಕಿ, ಅವರಿಗೆ ಹಿಂದೂಸ್ತಾನಿ. ಅಂಥವನನ್ನೇ ಉಳಿದ ಐದೂ ಜನ ಮುಂದೆ ನಿಲ್ಲಿಸಿದ್ದರು. ಯಾಕೆಂದರೆ ಅವನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆ, ಬೈಸಿಕೊಂಡ ಬಾಗಿಲಿಗೆ ಮತ್ತೆ ಹೋಗಲೂ ಬರುತ್ತದೆ. ಇದೇ ಗೌಸ್ ಊರಿನಲ್ಲಿ ನಮ್ಮಪ್ಪನ ಮುಂದೆ ತಲೆಯೆತ್ತಿ ಮಾತಾಡುತ್ತಿರಲಿಲ್ಲ. ಇಷ್ಟು ಧೈರ್ಯ ಎಲ್ಲಿಂದ ತಂದನಪ್ಪಾ ಎಂದು ನಾನು ಅವನನ್ನೇ ನೋಡುತ್ತಾ ನಡೆದೆ. ನನ್ನ ಗೆಳೆಯ ಎಂದು ಹೆಮ್ಮೆಯಾಯಿತು.

ಶುಕ್ರವಾರ, ಗಿರಣಿ

ಇಂಡಿಯಾದ ನೇಕಾರರು, ಗಿರಣಿ ನೋಡಬೇಕಂತೆ ಎಂದು ಫೋರ್ಮನ್ನಿಗೆ ಹೇಳಿ ಗೌಸ್ ನನಗೆ ಒಳಗೆ ಬರಲು ಒಪ್ಪಿಗೆ ಪಡೆದಿದ್ದ. ಒಳಗೆ ಕಾಲಿಟ್ಟೊಡನೆ ಆ ಸದ್ದು! ನಮ್ಮ ಶೆಡ್ಡಿನದೇ ಸದ್ದು, ನೂರು ಪಾಲು ಹೆಚ್ಚು. ಪರದೇಶಕ್ಕೆ ಬಂದ ಮೇಲೆ ಅಲ್ಲೇ ನನಗೆ ಮೊದಲು ಮನೆಗೆ ಬಂದಂತಾದದ್ದು. ಅಲ್ಲಿನ ಹೆಂಗಸರದು ಒಂದು ವಿಚಿತ್ರ ಅಭ್ಯಾಸ. ನಮ್ಮ ಹಾಗೆ ಕಿರುಚುವುದಿಲ್ಲ. ಬರಿಯ ತುಟಿ ಆಡಿಸುತ್ತಾರೆ. ಇಷ್ಟು ದೂರದಿಂದ ಅಷ್ಟು ದೂರಕ್ಕೆ ತುಟಿಯಲ್ಲೇ ಸಂಸಾರದ ಕಥೆಯೆಲ್ಲ ಹೇಳಿ ನಗುತ್ತಾರೆ. ಗೌಸನೂ ಅದನ್ನು ಓದಲು ಕಲಿತಿದ್ದ.

ಗೌಸನಿಗೆ ಎಂಟು ಮಗ್ಗ. ನಮಾಜಿನ ಹೊತ್ತಾಯಿತು. ಗೌಸ್ ಗಡಿಯಾರ ನೋಡಿದ, ಕೈ ಒರೆಸಿಕೊಂಡ. ಆಮೇಲೆ ಹೆಗಲ ಮೇಲಿದ್ದ ಆ ಚೌಕಳಿ ಟವೆಲ್ಲನ್ನು ತೆಗೆದು ಮಗ್ಗದ ಚೌಕಟ್ಟಿನ ಮೇಲೆ ಹಾಸಿದ. ಅಲ್ಲಿ ಆ ಟವೆಲ್ಲಿನ ಅರ್ಥ ಯಾರಿಗೆ ಗೊತ್ತು? ಹತ್ತು ವರ್ಷದ ಕೆಲಸವನ್ನು ಅದರ ಮೇಲಿಟ್ಟು ಅವನು ಬಾಗಿಲ ಕಡೆಗೆ ನಡೆದ. ಅವಸರವಿಲ್ಲದೆ ನಡೆದ. ಉಳಿದ ಐದು ಜನ ತಮ್ಮ ತಮ್ಮ ಮಗ್ಗದ ಮುಂದೆ ನಿಂತು ನೋಡುತ್ತಿದ್ದರು. ಅವರದೂ ಕೈತುಂಬ ಕೆಲಸ, ದೂರದ ಸಾಲು.

ಐದು ನಿಮಿಷ ಆಗಿರಬೇಕು. ಮೂರನೆಯ ಮಗ್ಗದಲ್ಲಿ ದಾರ ಕಡಿದು ಮಗ್ಗ ನಿಂತಿತು. ಮಾರ್ಗರೇಟ್ ಈ ಕಡೆ ನೋಡಿದಳು, ಮುಖ ತಿರುಗಿಸಿದಳು. ಫೋರ್ಮನ್ ಜೇಬಿನಿಂದ ಪುಸ್ತಕ ತೆಗೆದ.

ಏನನ್ನೂ ಮುಟ್ಟಬೇಡ ಎಂದು ನನಗೆ ಮೊದಲೇ ಹೇಳಿದ್ದರು. ಆದರೆ ಮಗ್ಗದ ಮೇಲೆ ಟವೆಲ್ಲು ಬಿದ್ದಿದೆ, ಮಗ್ಗ ನಿಂತಿದೆ, ಪಕ್ಕದಲ್ಲಿ ನಾನಿದ್ದೇನೆ. ಕೈ ತಾನಾಗಿ ಹೋಯಿತು. ಕಡಿದ ಎಳೆ ಹುಡುಕಿ, ಗಂಟು ಹಾಕಿ, ಹಣಿಗೆಯ ಸಂದಿಯಲ್ಲಿ ದಾಟಿಸಿ, ಹಿಡಿಕೆ ತಳ್ಳಿದೆ. ಮಗ್ಗ ಹೊರಟಿತು. ಆಮೇಲೆ ಹೊಳೆಯಿತು, ಅಯ್ಯೋ ಶಿವನೇ, ಹೊರಗಿನವನು ಮುಟ್ಟಿದ ಎಂದು ಇದೇ ನೆಪದಲ್ಲಿ ಗೌಸನನ್ನು ಕಳಿಸಿಬಿಟ್ಟರೆ?

ಫೋರ್ಮನ್ ಓಡಿ ಬಂದು ನನ್ನ ರಟ್ಟೆ ಹಿಡಿದು ಸಾಲಿನಿಂದ ಹೊರಗೆಳೆದ. ಮುಖ ಕೆಂಪಾಗಿತ್ತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. ನೀನು ಅತಿಥಿ, ಇವರ ಗುಂಪಿನವನಲ್ಲವಲ್ಲ, ನಿನಗೇಕೆ ಇದು ಎಂಬುದು ಅವನ ಮಾತು. ಪಾಪ, ಅವನು ನನಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟಿದ್ದ. ಮಂಗಳವಾರ ನಾನೇ ಹುಡುಕಿಕೊಂಡ ದಾರಿ ಅದು. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ನೋ" ಅಂದೆ. "ಹಿಸ್ ಮ್ಯಾನ್. ಐ ಹಿಸ್ ಮ್ಯಾನ್. ಸೇಮ್ ಶೆಡ್!" ಟವೆಲ್ಲಿನ ಕಡೆ ಕೈ ತೋರಿಸಿ ಅದನ್ನೇ ಮತ್ತೆ ಮತ್ತೆ ಕೂಗಿದೆ. ಈ ಸಲ ಬೆರಳು ಎಲ್ಲಿ ತೋರಿಸಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಇನ್ನೊಂದು ಮಗ್ಗ ನಿಂತಿತು. ನನ್ನ ರಟ್ಟೆ ಫೋರ್ಮನ್ನನ ಹಿಡಿತದಲ್ಲಿತ್ತು. ಆಗ ಮಾರ್ಗರೇಟ್ ತನ್ನ ಸಾಲು ಬಿಟ್ಟು ಬಂದಳು. ಗೌಸನ ಮಗ್ಗದ ಮುಂದೆ ನಿಂತು, ಎಳೆ ಸರಿಮಾಡಿ, ಹಿಡಿಕೆ ತಳ್ಳಿದಳು. ನಿನ್ನ ಸಾಲಿಗೆ ಹೋಗು ಎಂದು ಫೋರ್ಮನ್ ಕೈ ಬೀಸಿದ. ಅವಳು ಅವನ ಕಡೆ ತಿರುಗಿ ತುಟಿ ಆಡಿಸಿ ಏನೋ ಅಂದಳು. ದೂರದ ಸಾಲಿನ ಹೆಂಗಸರು ಅದನ್ನು ಓದಿ ಗೊಳ್ಳೆಂದು ನಕ್ಕರು. ಗೌಸ್ ತಿರುಗಿ ಬರುವವರೆಗೆ ಅವಳು ತನ್ನವನ್ನೂ ಅವನವನ್ನೂ ಓಡಾಡಿಕೊಂಡು ನೋಡಿದಳು. ಅವನು ಬಂದಾಗ ಎಂಟೂ ಮಗ್ಗ ನಡೆಯುತ್ತಿದ್ದವು. ಫೋರ್ಮನ್ ಪುಸ್ತಕ ಜೇಬಿಗೆ ಹಾಕಿಕೊಂಡು ಆಚೆ ಹೋದ.

ಅವಳು ಏನಂದಳೆಂದು ಸಂಜೆ ಗೌಸ್ ಕೇಳಿಕೊಂಡು ಬಂದ. "ನಾನು ಮಗೂಗೆ ಹಾಲು ಕುಡಿಸೋಕೆ ಮನೆಗೆ ಓಡ್ತಿದ್ದಾಗ ನನ್ನ ಮಗ್ಗ ನೋಡ್ಕೋತಿದ್ದೋಳು ನಿಮ್ಮಮ್ಮ. ಆಗ ನೀನು ತೊಟ್ಟಿಲಲ್ಲಿದ್ದೆ. ಸುಮ್ನೆ ಹೋಗು" ಅಂದಳಂತೆ ಫೋರ್ಮನ್ನಿಗೆ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುನಗುತ್ತಲೇ ಜೈಬು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಭಾನುವಾರ, ಹೊರಡುವ ದಿನ

ಟ್ರಂಕು ಕಟ್ಟುವಾಗ ನನಗೆ ಇನ್ನು ತಡೆಯಲಾಗಲಿಲ್ಲ. "ಗೌಸೂ, ನಮ್ ಶೆಡ್ಡಲ್ಲಿ ನಾನೊಂದು ಹಲಗೆ ಹೊಡೆಸಿದೀನಿ ಕಣೋ" ಎಂದು ಶುರು ಮಾಡಿದೆ.

"ಗೊತ್ತು. ಖಾದರ್ ಕಾಗ್ದ ಬರ್ದಿದ್ದ" ಅಂದ ಅವನು.

"ಯಾವಾಗ?"

"ಎರಡು ವರ್ಷ ಆಯ್ತು."

ನಾನು ಬರುತ್ತೇನೆಂದು ಬರೆದಾಗ ಬಾ ಅಂದವನು, ಸ್ಟೇಷನ್ನಿಗೆ ಬಂದವನು, ಹೊಸ ಪಾತ್ರೆ ತರಿಸಿದವನು, ಎಲ್ಲ ಗೊತ್ತಿದ್ದೇ ಮಾಡಿದ್ದ. ಮೊದಲ ರಾತ್ರಿ ಆ ಪ್ರಶ್ನೆಯನ್ನೂ ಗೊತ್ತಿದ್ದೇ ಕೇಳಿದ್ದ.

"ಯಾಕೋ ಬೈಲಿಲ್ಲ ನನ್ನ?" ಅಂದೆ.

"ನಿನ್ ಬಾಗ್ಲಿಗೂ ಮತ್ತೆ ಬರ್ಬೇಕಲ್ಲೋ" ಎಂದು ಗೋಡೆಯ ಮೊಳೆಯಿಂದ ಟವೆಲ್ಲು ತೆಗೆದು ನನ್ನ ಟ್ರಂಕಿನಲ್ಲಿ, ಅಂಗಿಗಳ ಮೇಲೆ ಇಟ್ಟ. "ನನಗಿನ್ನು ಬೇಕಾಗಿಲ್ಲ. ಮಾರ್ಗರೇಟಮ್ಮ ಈಗ ಟವೆಲ್ಲಿಲ್ದೇ ನೋಡ್ಕೋತಾಳೆ."

ದೊಡ್ಡಬಳ್ಳಾಪುರ

ಬಂದ ಮಾರನೆಯ ದಿನವೇ ಹಲಗೆ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಮನೆಯಾಕೆ, ಪರದೇಶದ ನೀರು ಕುಡಿದು ತಲೆ ಸರಿಹೋಯ್ತು ಎಂದು ಅಕ್ಕಪಕ್ಕದವರಿಗೆಲ್ಲ ಸಾರಿದಳು. ಖಾದರ್ ಮಾತ್ರ ತಲೆ ಬಗ್ಗಿಸಿಕೊಂಡು ನೇಯುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಮಸೀದಿಯ ಕೂಗು ಕೇಳಿಸಿತು. ಪುಣ್ಯಕ್ಕೆ ಕರೆಂಟೂ ಇತ್ತು. ನಾನು ಖಾದರನ ಹತ್ತಿರ ಹೋಗಿ ಗೌಸನ ಟವೆಲ್ಲನ್ನು ಅವನ ಮಗ್ಗದ ಮೇಲೆ ಹಾಕಿದೆ.

ಖಾದರನ ಮುಖ ಬಿಳಿಚಿಕೊಂಡಿತು. "ಯಾಕಣ್ಣಾ, ಈ ಮಗ್ಗ ಇನ್ನೊಬ್ರಿಗೆ ಕೊಟ್ರಾ? ನನ್ನ ಕೆಲ್ಸದಿಂದ ತೆಗೀತಿದೀರಾ?"

ಇಂಗ್ಲೆಂಡಿನ ಆ ಫೋರ್ಮನ್ನನನ್ನು ನಾನು ಎಷ್ಟು ಬೈದುಕೊಂಡಿದ್ದೆ! ಅವನ ಮುಂದೆ ನಿಂತಾಗಲೂ ಗೌಸನ ಮುಖದಲ್ಲಿ ಇಂಥ ಭಯ ಇರಲಿಲ್ಲ. "ತಪ್ಪಾಯ್ತಪ್ಪ ನಂದು. ಹೋಗ್ಬಿಟ್ ಬಾ, ಮಗ್ಗ ನಾನ್ ನೋಡ್ಕೋತೀನಿ" ಅಂದೆ. ಅವನು ಬಾಗಿಲವರೆಗೆ ಹೋಗಿ ಒಂದು ಸಲ, ಬೀದಿಗಿಳಿದು ಇನ್ನೊಂದು ಸಲ, ತಿರುಗಿ ತಿರುಗಿ ನೋಡಿದ.

ಎರಡು ಸಲ ದಾರ ಕಡಿಯಿತು, ಎರಡು ಸಲ ಗಂಟು ಹಾಕಿದೆ. ಅವನು ಬಂದು, ನಾನು ನೇಯ್ದ ಗಜದುದ್ದದ ಬಟ್ಟೆಯ ಮೇಲೆ ಕೈಯಾಡಿಸಿದ. ಒಂದು ಕಡೆ ಬೆರಳು ನಿಂತಿತು. ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದ.

"ಹೇಳಪ್ಪಾ" ಅಂದೆ.

"ಗಂಟು ಸ್ವಲ್ಪ ದಪ್ಪ ಆಯ್ತಣ್ಣಾ" ಅಂದ ಖಾದರ್, ಮೆಲ್ಲಗೆ ನಕ್ಕ.